ತಾರೀಖಿಲ್ಲದ ಭಾನುವಾರ

ನಮ್ಮ ಅಕ್ಕನಿಗೆ ಎರಡು ವಿಷಯಗಳಲ್ಲಿ ಯಾರೂ ಬುದ್ಧಿ ಹೇಳುವ ಹಾಗಿಲ್ಲ. ಒಂದು ರಕ್ತ, ಇನ್ನೊಂದು ಸಿನಿಮಾ. ರಕ್ತದ ವಿಷಯಕ್ಕೆ ನಾನು ಯಾವತ್ತೂ ತಲೆ ಹಾಕಿದವಳಲ್ಲ. ಹನ್ನೊಂದು ವರ್ಷದಿಂದ ಅವಳು ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಿಗ್ಗೆ ಆರೂವರೆಗೆ ಹೋಗಿ ಜನರ ತೋಳಿಗೆ ಪಟ್ಟಿ ಬಿಗಿದು ಸೂಜಿ ಹಾಕುತ್ತಾಳೆ, ಚುಚ್ಚಿದ್ದೇ ಗೊತ್ತಾಗುವುದಿಲ್ಲ ಅಂತ ಅವಳನ್ನೇ ಕೇಳಿಕೊಂಡು ಬರುವವರಿದ್ದಾರೆ. ಸಿನಿಮಾದ ವಿಷಯಕ್ಕೆ ಮಾತ್ರ ತಲೆ ಹಾಕಿದೆ. ಹಾಕಬಾರದಿತ್ತು ಎಂದು ಈಗ ಹೇಳುವುದು ಸುಲಭ.

ಅವಳು ಮಾಡಿದ ಸಿನಿಮಾದ ಹೆಸರು ‘ಏಳು ಮಹಡಿ’. ಅದರಲ್ಲಿರುವುದು ನಮ್ಮ ಸೋದರಮಾವ. ಮಾವ ಮೂವತ್ತೊಂದು ವರ್ಷ ಒಂದು ಹಳೇ ಆಫೀಸು ಕಟ್ಟಡದಲ್ಲಿ ಲಿಫ್ಟ್ ನಡೆಸಿದವರು. ಕಬ್ಬಿಣದ ಜಾಲರಿ ಬಾಗಿಲನ್ನು ಕೈಯಲ್ಲಿ ಎಳೆದು ಮುಚ್ಚಿ, ಹಿಡಿಕೆ ತಿರುಗಿಸಿ ಮೇಲೇರಿಸುವಂಥ ಲಿಫ್ಟು. ಆ ಲಿಫ್ಟನ್ನು ಕಿತ್ತು ಗುಂಡಿಯ ಲಿಫ್ಟು ಹಾಕುವ ಹಿಂದಿನ ದಿನ ಅದನ್ನು ನಡೆಸುವವನು ಏನು ಮಾಡುತ್ತಾನೆ, ಅಷ್ಟೇ ಕಥೆ. ಮೂರು ವರ್ಷದ ಭಾನುವಾರಗಳನ್ನೆಲ್ಲ ಅಕ್ಕ ಅದಕ್ಕೇ ಸುರಿದಳು. ಆಫೀಸುಗಳಿಗೆ ರಜೆ ಇರುವ ದಿನ ಕಾವಲುಗಾರನಿಗೆ ಹೇಳಿ ಒಳಗೆ ಹೋಗುವುದು, ಕ್ಯಾಮೆರಾ ಇಡುವುದು, ಮಾವನನ್ನು ಮೇಲೆ ಕೆಳಗೆ ಓಡಾಡಿಸುವುದು. ತೊಂಬತ್ತನಾಲ್ಕು ನಿಮಿಷದ ಸಿನಿಮಾದಲ್ಲಿ ಮಾತು ಹತ್ತು ನಿಮಿಷ ಇರಬಹುದು. ನೋಡಿದವರಲ್ಲಿ ಒಬ್ಬರು ಚೆನ್ನಾಗಿದೆ ಎಂದರು, ಒಬ್ಬರು ನಿದ್ದೆ ಚೆನ್ನಾಗಿ ಬಂತು ಎಂದರು.

ಮಾರುಕಟ್ಟೆಯ ಹಿಂದಿನ ಹಳೇ ಥಿಯೇಟರಿನ ಮಾಲೀಕರು ಒಂದು ಆಟ ಕೊಡಲು ಒಪ್ಪಿದರು, ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ನೂರಾ ಎಂಬತ್ತು ಕುರ್ಚಿಗಳಲ್ಲಿ ಅರ್ಧ ತುಂಬಿದರೆ ವಾರ ಪೂರ್ತಿ ಇಟ್ಟುಕೊಳ್ಳುತ್ತೇನೆ, ಇಲ್ಲವಾದರೆ ಅವತ್ತೇ ಇಳಿಸುತ್ತೇನೆ ಎಂದರು. ನ್ಯಾಯವಾದ ಮಾತೇ.

"ಪೂರ್ತಿ ಕೂತು ನೋಡೋ ತೊಂಬತ್ತು ಜನ ಸಿಕ್ಕಿದ್ರೆ ಸಾಕು ಕಣೇ. ನಂಗೆ ಇನ್ನೇನೂ ಬೇಡ," ಎಂದಳು ಅಕ್ಕ.

ಆ ತೊಂಬತ್ತು ಜನರನ್ನು ತರುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದುಂಡು ಮುಖಕ್ಕೆ ಯಾವ ಫ್ರೇಮು ಒಪ್ಪುತ್ತದೆ ಎಂದು ನಾನು ಮಾಡಿ ಹಾಕಿದ ವಿಡಿಯೋವನ್ನು ನಲವತ್ತು ಸಾವಿರ ಜನ ನೋಡಿದ್ದರು. ಮನೆಯಲ್ಲಿ ನನ್ನನ್ನು ಬಿಟ್ಟರೆ ಪ್ರಚಾರದ ಪಂಡಿತೆ ಬೇರೆ ಇರಲಿಲ್ಲ. ನನಗೂ ಹಾಗೇ ಅನ್ನಿಸಿತ್ತು, ಅದೇ ಬಂದದ್ದು ಗ್ರಹಚಾರ.

ಮೊದಲ ದಿನವೇ ಜಗಳ. ಅಕ್ಕನ ಚಿತ್ರಗಳೆಲ್ಲ ಅಗಲ. ಮಾವ ಎಡಗಡೆ ಅಂಚಿನಲ್ಲಿ ಎಲ್ಲೋ ನಿಂತಿರುತ್ತಾರೆ, ಉಳಿದ ಮುಕ್ಕಾಲು ಪರದೆ ಲಿಫ್ಟಿನ ಬಾಗಿಲು. ಫೋನಿಗೆ ಬೇಕಾದದ್ದು ಉದ್ದನೆಯ ಚಿತ್ರ. ಎರಡೂ ಬದಿ ಕತ್ತರಿಸಿ ಅವಳಿಗೆ ತೋರಿಸಿದೆ.

"ಮಾವ ಎಲ್ಲೇ?"

"ಆಚೆ ಹೋದ್ರು. ಫೋನಲ್ಲಿ ಜಾಗ ಇಲ್ಲ."

"ಫೋನ್ ಅಡ್ಡ ಹಿಡ್ಕೊಳಕ್ಕೆ ಹೇಳು."

"ಯಾರಿಗೆ ಹೇಳ್ಲಿ? ಊರಿಗೆಲ್ಲ ಹೋಗಿ ಒಬ್ಬೊಬ್ಬರ ಕೈ ಹಿಡಿದು ತಿರುಗಿಸ್ಲಾ?"

ಟ್ರೇಲರ್ ಅಂತ ಅವಳು ಕೊಟ್ಟದ್ದು ಎರಡು ನಿಮಿಷದ ಒಂದೇ ದೃಶ್ಯ. ಜನ ಇಳಿದು ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ, ಲಿಫ್ಟು ಖಾಲಿ ಹೋಗುತ್ತದೆ. ನೋಡಿ ನನ್ನ ತಲೆ ಕೆಟ್ಟಿತು. ಕಥೆ ಏನೆಂದು ಸ್ವಲ್ಪವಾದರೂ ಗೊತ್ತಾಗಬೇಡವೇ ಎಂದು ಕೇಳಿದೆ.

"ಗೊತ್ತಾಗಬಾರದು," ಎಂದಳು. "ರಿಪೋರ್ಟ್ ಕೈಗೆ ಬರೋ ಮುಂಚೆ ನಾವು ಬಾಯಲ್ಲಿ ಏನೂ ಹೇಳಲ್ಲ."

"ಇದು ಲ್ಯಾಬ್ ಅಲ್ಲ ಕಣಕ್ಕಾ!"

"ಎಲ್ಲಾ ಕಡೆನೂ ಅದೇ ರೂಲು."

ಒಂಬತ್ತು ದಿನದಲ್ಲಿ ಆ ಟ್ರೇಲರನ್ನು ನೋಡಿದವರು ಮುನ್ನೂರ ನಲವತ್ತು. ಅದರಲ್ಲಿ ಒಂದು ಮೂವತ್ತು ಸಲ ನಾನೇ. ಸಾಲದ್ದಕ್ಕೆ, ನೋಡಿದವರು ಎಲ್ಲಿಯವರೆಗೆ ನೋಡಿದರು ಎನ್ನುವುದನ್ನೂ ಆ ಹಾಳು ಆ್ಯಪು ಗೆರೆ ಎಳೆದು ತೋರಿಸುತ್ತದೆ. ನಮ್ಮ ಗೆರೆ ಮೂರನೇ ಸೆಕೆಂಡಿಗೆ ಬಾವಿಗೆ ಬಿದ್ದ ಹಾಗೆ ನೆಟ್ಟಗೆ ಕೆಳಗಿಳಿದಿತ್ತು. ಅಕ್ಕನಿಗೆ ತೋರಿಸಬಾರದಿತ್ತು, ಕೋಪದಲ್ಲಿ ತೋರಿಸಿಬಿಟ್ಟೆ. ಅವಳು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಮೂರು ಸೆಕೆಂಡಿಗೇ ಎದ್ದು ಹೋಗಿಬಿಡ್ತಾರಾ?" ಎಂದಳು. ಯಾರನ್ನೂ ದೂರುವ ದನಿಯಲ್ಲಿ ಅಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು, ಅದೇ ನನಗೆ ಇನ್ನೂ ಸಂಕಟವಾಯಿತು.

ಆಮೇಲೆ ಅವಳನ್ನು ಬಿಟ್ಟು ಮಾವನನ್ನು ಹಿಡಿದೆ. ಅವರ ಮನೆಯ ಬಾಗಿಲ ಬಳಿ ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಬೆಂಚಿದೆ. ಅಲ್ಲೇ ಕೂರಿಸಿ ಫೋನಿನ ಕ್ಯಾಮೆರಾ ಹಿಡಿದು, ಲಿಫ್ಟಿಗೆ ಬಂದವರು ಯಾವ ಮಹಡಿಗೆ ಹೋಗುತ್ತಾರೆಂದು ನಿಮಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದೆ. ಮಾವ ಕ್ಯಾಮೆರಾವನ್ನು ಮರೆತೇಬಿಟ್ಟರು.

"ಮುಖ ನೋಡಬಾರದು, ಮುಖ ಸುಳ್ಳು ಹೇಳತ್ತೆ. ಕಾಲು ನೋಡಬೇಕು. ಬೂಟಿಗೆ ಫಳಫಳ ಪಾಲಿಶು, ಆದ್ರೆ ಹಿಮ್ಮಡಿ ಸವೆದಿದೆ ಅಂದ್ರೆ ಅವನು ಕೆಲಸ ಕೇಳಕ್ಕೆ ಬಂದೋನು. ಐದನೇ ಮಹಡಿ. ಏನೂ ಕೇಳಬಾರದು, ಸುಮ್ಮನೆ ಕರ್ಕೊಂಡು ಹೋಗಿ ಬಿಡ್ಬೇಕು. ವಾಪಸ್ ಬರುವಾಗ ಅವನ ಕಾಲು ನೋಡಿದ್ರೇ ಗೊತ್ತಾಗತ್ತೆ. ಆವಾಗ ಮಾತ್ರ ನಿಧಾನಕ್ಕೆ ಇಳಿಸ್ಬೇಕು. ಕೆಳಗೆ ಹೋಗೋಷ್ಟ್ರಲ್ಲಿ ಅವನು ಮುಖ ಸರಿ ಮಾಡ್ಕೋತಾನೆ."

ಕೊನೆಯಲ್ಲಿ ನಾನು ಹೇಳಿಕೊಟ್ಟಂತೆ, "ಈ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಥಿಯೇಟರಿಗೆ ಬನ್ನಿ," ಎಂದು ವಿಳಾಸ ಹೇಳಿದರು. ಹೇಳಿ ನಿಲ್ಲಿಸಲಿಲ್ಲ. "ನಾನು ಬಾಗಿಲಲ್ಲೇ ನಿಂತಿರ್ತೀನಿ," ಎಂದು ತಾವೇ ಸೇರಿಸಿದರು.

ವಿಡಿಯೋ ನೋಡಿ ಅಕ್ಕ ಒಂದೇ ಮಾತು ಹೇಳಿದಳು. "ತಾರೀಖು ಹಾಕು."

ಅಂಗಡಿಯಲ್ಲಿ ನಾನು ಕಲಿತ ಮೊದಲ ಪಾಠವೇ ವಿಡಿಯೋಗೆ ತಾರೀಖು ಹಾಕಬಾರದು ಎನ್ನುವುದು. ತಾರೀಖಿದ್ದರೆ ನಾಲ್ಕು ದಿನಕ್ಕೆ ಹಳೆಯದಾಗುತ್ತದೆ, ಇಲ್ಲದಿದ್ದರೆ ವರ್ಷಗಟ್ಟಲೆ ಓಡುತ್ತದೆ. "ಹಾಕಿದ್ರೆ ಹಳಸಿಹೋಗತ್ತೆ," ಎಂದೆ.

"ತಾರೀಖಿಲ್ಲದ ಟ್ಯೂಬು ಬಂದ್ರೆ ನಾವು ತೊಟ್ಟಿಗೆ ಹಾಕ್ತೀವಿ. ಯಾರ ರಕ್ತ ಆದ್ರೂ ಅಷ್ಟೇ."

"ರಕ್ತದ ಪುರಾಣ ಸಾಕು ಮಾಡು. ಇದು ನನ್ನ ಕೆಲಸ, ನಂಗೆ ಗೊತ್ತು. ಒಂದು ಸಲ, ಒಂದೇ ಒಂದು ಸಲ ನಾನು ಹೇಳಿದ್ದು ಕೇಳು."

ಅವಳು ಕೇಳಿದಳು. ಹುಟ್ಟಿದಾಗಿನಿಂದ ನನ್ನ ಮಾತು ಕೇಳದವಳು ಅವತ್ತು ಸರಿ ಎಂದು ತಲೆಯಾಡಿಸಿದಳು.

ಭಾನುವಾರದ ಹೊತ್ತಿಗೆ ಆ ವಿಡಿಯೋವನ್ನು ನೋಡಿದ್ದವರು ಆರುನೂರು ಜನ. ಥಿಯೇಟರಿಗೆ ಬಂದವರು ಮೂವತ್ತೊಂದು. ಲ್ಯಾಬಿನವರು, ನಮ್ಮ ಅಂಗಡಿಯವರು, ನೆಂಟರು ಎಲ್ಲ ಸೇರಿ. ಮಾವ ಹಳೇ ಸಮವಸ್ತ್ರ ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಬಿಟ್ಟರು. ನಡುವೆ ಏಳು ಜನ ಎದ್ದು ಹೋದರು, ಅವರನ್ನೂ ಮಾವನೇ ಬಾಗಿಲು ತೆಗೆದು ಹೊರಗೆ ಬಿಟ್ಟರು. ಅಕ್ಕ ಹಿಂದಿನ ಸಾಲಿನಲ್ಲಿ ಕೂತು ಪರದೆಯ ಬದಲು ಆ ಬಾಗಿಲನ್ನೇ ನೋಡುತ್ತಿದ್ದಳು. ಮಾಲೀಕರು ಮಧ್ಯಾಹ್ನವೇ ಪೋಸ್ಟರ್ ತೆಗೆಸಿದರು. ಅಕ್ಕ ಹಾರ್ಡ್ ಡಿಸ್ಕನ್ನು ಬೀರುವಿನಲ್ಲಿಟ್ಟು, ಅದರ ಮೇಲೆ ಹೆಸರು, ನಿಮಿಷ, ತಾರೀಖು ಬರೆದ ಚೀಟಿ ಅಂಟಿಸಿ, ಸೋಮವಾರ ಬೆಳಿಗ್ಗೆ ಆರೂವರೆಗೆ ಕೆಲಸಕ್ಕೆ ಹೋದಳು.

ಹದಿನಾರು ದಿನ ಕಳೆದ ಮೇಲೆ ಆ ವಿಡಿಯೋ ಎದ್ದು ಕೂತಿತು. ಯಾಕೆ ಅಂತ ನನ್ನನ್ನು ಕೇಳಬೇಡಿ. ಹೊಟ್ಟೆಗೆ ಹಾಕಿಕೊಂಡು ಹದಿನಾರು ದಿನ ಏನು ಮಾಡುತ್ತಿತ್ತು ಎಂದು ಆ ಆ್ಯಪನ್ನೇ ಹಿಡಿದು ಕೇಳಬೇಕು ಅನ್ನಿಸಿತು. ಬೆಳಿಗ್ಗೆ ನಾಲ್ಕು ಸಾವಿರ ಇದ್ದದ್ದು ಊಟದ ಹೊತ್ತಿಗೆ ಒಂದು ಲಕ್ಷ, ಶನಿವಾರದ ಹೊತ್ತಿಗೆ ಒಂಬತ್ತು ಲಕ್ಷ. ‘ನಿಧಾನಕ್ಕೆ ಇಳಿಸ್ಬೇಕು’ ಎಂಬ ಮಾತಿಗೆ ಜನ ಅತ್ತಿದ್ದರಂತೆ. ನಾನು ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಕನ್ನಡಕ ಬಿಟ್ಟು ಕುಣಿದೆ.

ಅಕ್ಕ ಕುಣಿಯಲಿಲ್ಲ. "ಅದರಲ್ಲಿ ಈ ಭಾನುವಾರ ಬನ್ನಿ ಅಂತ ಇದೆಯಲ್ಲ?" ಎಂದಳು.

"ಅಯ್ಯೋ, ಕೊನೇವರೆಗೂ ಯಾರು ಕೇಳಿಸ್ಕೋತಾರೆ!"

ಭಾನುವಾರ ಹತ್ತು ಇಪ್ಪತ್ತಕ್ಕೆ ಥಿಯೇಟರಿನ ಟಿಕೆಟ್ ಗುಮಾಸ್ತರಿಂದ ಫೋನ್ ಬಂತು. "ಮೇಡಮ್, ಇಲ್ಲಿ ಹದಿನಾಲ್ಕು ಜನ ನಿಂತಿದಾರೆ. ಲಿಫ್ಟಿನವರು ಎಲ್ಲಿ ಅಂತ ಕೇಳ್ತಿದಾರೆ. ನಾನು ಏನು ಹೇಳ್ಲಿ?"

ಮಾಲೀಕರಿಗೆ ಫೋನ್ ಮಾಡಿ ಬೇಡಿಕೊಂಡೆ. ಬೆಳಗಿನ ಆಟಗಳನ್ನೆಲ್ಲ ಮೂರು ತಿಂಗಳವರೆಗೆ ಬೇರೆಯವರಿಗೆ ಕೊಟ್ಟಾಗಿದೆ ಎಂದರು. "ಬರೋರು ಅವತ್ತೇ ಬರ್ಬೇಕಿತ್ತಮ್ಮ," ಎಂದರು. ನಾನು ಕೈ ಕೈ ಹಿಸುಕಿಕೊಂಡೆ. ವಿಡಿಯೋದ ಕೆಳಗೆ, ಆಟ ಮುಗಿದಿದೆ, ದಯವಿಟ್ಟು ಬರಬೇಡಿ ಎಂದು ಬರೆದು ಎಲ್ಲಕ್ಕಿಂತ ಮೇಲೆ ನಿಲ್ಲಿಸಿದೆ. ಸಾವಿರದ ಏಳುನೂರು ಕಾಮೆಂಟು ಬರೆದ ಮಹಾಜನರಲ್ಲಿ ಒಬ್ಬರಾದರೂ ಅದನ್ನು ಓದಿದ್ದರೆ ಕೇಳಿ. ಒಳಗಿನ ಮಾತನ್ನು ತಿದ್ದೋಣವೆಂದರೆ ಒಮ್ಮೆ ಹಾಕಿದ ವಿಡಿಯೋವನ್ನು ತಿದ್ದಲು ಬರುವುದಿಲ್ಲ. ತೆಗೆದುಹಾಕಿ ಹೊಸದಾಗಿ ಹಾಕಬೇಕು. ಹಾಕಿದರೆ ಒಂಬತ್ತು ಲಕ್ಷ ಹೋಗಿ ಸೊನ್ನೆಯಿಂದ ಶುರು. ಅದಕ್ಕೆ ನನ್ನ ಜೀವ ಒಪ್ಪಲಿಲ್ಲ.

"ಸಿನಿಮಾನೇ ಫೋನಿಗೆ ಹಾಕಿಬಿಡೋಣ, ಎಲ್ಲರೂ ನೋಡ್ಲಿ," ಎಂದೆ.

"ನೋಡೋರು ಲಿಫ್ಟಿನ ಒಳಗೆ ನಿಂತ ಹಾಗಾಗ್ಬೇಕು," ಎಂದಳು ಅಕ್ಕ. "ಫೋನು ಅಂಗೈಯಲ್ಲಿರತ್ತೆ. ಅದರೊಳಗೆ ಯಾರು ನಿಲ್ತಾರೆ? ಮೂರು ಸೆಕೆಂಡು ನಿಲ್ತಾರೆ. ನೋಡಿದ್ನಲ್ಲ."

ಮುಂದಿನ ಭಾನುವಾರ ಬೆಳಿಗ್ಗೆ ಮಾವ ಸಮವಸ್ತ್ರ ಹಾಕಿಕೊಂಡು ಹೊರಟು ನಿಂತರು. ಆಟ ಇಲ್ಲ ಮಾವ, ಎಲ್ಲಿಗೆ ಹೋಗುತ್ತೀರಿ ಎಂದರೆ, "ನಿಂತಿರ್ತೀನಿ ಅಂತ ಹೇಳಿದೀನಲ್ಲಮ್ಮ," ಎಂದರು. ಅವರ ಜೊತೆ ಅಕ್ಕನೂ ಹೋದಳು, ಕಂಕುಳಲ್ಲಿ ಒಂದು ರಟ್ಟಿನ ಪುಸ್ತಕ ಇಟ್ಟುಕೊಂಡು. ಬಂದವರಿಗೆಲ್ಲ ಮಾವ ಕೈ ಮುಗಿದು ಆಟ ಇಲ್ಲ ಎನ್ನುವುದು, ಅಕ್ಕ ಅವರ ಹೆಸರು, ಫೋನ್ ನಂಬರು, ಬಂದ ತಾರೀಖು, ಗಂಟೆ ಬರೆದುಕೊಳ್ಳುವುದು. ಕೆಲವರು ಮಾವನ ಜೊತೆ ಫೋಟೋ ತೆಗೆಸಿಕೊಂಡು ಖುಷಿಯಾಗಿಯೇ ಹೋದರಂತೆ, ಕೆಲವರು ಬೈದರಂತೆ. ಅವತ್ತು ಇಪ್ಪತ್ತೆರಡು ಜನ. ನಾನು ಮನೆಯಲ್ಲಿ ಕೂತು ಉರಿದುಕೊಂಡೆ. ಇವರಿಬ್ಬರಿಗೂ ಬುದ್ಧಿ ನೆಟ್ಟಗಿಲ್ಲ ಎಂದು ಅಂದುಕೊಂಡೆ. ಅಂದುಕೊಂಡಷ್ಟೂ ತಪ್ಪು ನನ್ನದೇ ಅನ್ನಿಸುತ್ತಿತ್ತು, ಅದಕ್ಕೇ ಇನ್ನಷ್ಟು ಉರಿ.

ಅದರ ಮುಂದಿನ ವಾರ ಅಕ್ಕನಿಗೆ ಭಾನುವಾರದ ಡ್ಯೂಟಿ ಬಿತ್ತು. ಪುಸ್ತಕ ಹಿಡಿದು ಮಾವನ ಜೊತೆ ನಾನು ಹೋಗಬೇಕಾಯಿತು.

ಹತ್ತು ಗಂಟೆಗೇ ಒಬ್ಬ ಮುದುಕರು ಮಗಳ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಅವರು ಮಾವನ ಮುಖ ನೋಡಲಿಲ್ಲ, ಕಾಲು ನೋಡಿದರು. ಮಾವನೂ ಅವರ ಕಾಲನ್ನೇ ನೋಡಿದರು. ಇಬ್ಬರ ಚಪ್ಪಲಿಯೂ ಎಡಗಡೆಯದೇ ಹೆಚ್ಚು ಸವೆದಿತ್ತು.

"ಎಲ್ಲಿ ನಡೆಸ್ತಿದ್ರಿ?" ಎಂದು ಮಾವ ಕೇಳಿದರು.

"ಆಸ್ಪತ್ರೇಲಿ. ಇಪ್ಪತ್ತಾರು ವರ್ಷ," ಎಂದರು ಅವರು. "ನಮ್ಮದು ನಾಲ್ಕೇ ಮಹಡಿ. ಆದ್ರೆ ಭಾರ ಜಾಸ್ತಿ."

ಆಮೇಲೆ ಇಬ್ಬರೂ ಹಿಡಿಕೆ, ಹಗ್ಗ, ಎಣ್ಣೆ ಎಂದು ಶುರು ಮಾಡಿದರು. ಮಗಳು ನನ್ನ ಕಡೆ ತಿರುಗಿ, ಒಳಗೆ ಯಾವಾಗ ಬಿಡುತ್ತೀರಿ ಎಂದಳು. ಹೇಳಲೇಬೇಕಾಯಿತು, ಹೇಳಿದೆ.

"ಹೋದ ತಿಂಗಳೇ ಮುಗೀತಾ? ಹಾಗಾದ್ರೆ ಯಾಕ್ರೀ ಇನ್ನೂ ಹಾಕ್ಕೊಂಡಿದೀರ ಅದನ್ನ?" ಅವಳ ದನಿ ಏರಿತು. "ಅಪ್ಪ ದಿನಕ್ಕೆ ಹತ್ತು ಸಲ ಅದೇ ವಿಡಿಯೋ ನೋಡ್ತಾರೆ. ಒಂದು ವಾರದಿಂದ ಭಾನುವಾರ ಭಾನುವಾರ ಅಂತ ಕಾಯ್ತಿದ್ರು. ನಾನು ರಜ ಹಾಕಿ ಕರ್ಕೊಂಡು ಬಂದೆ. ನಮ್ಮನ್ನೇನು ಅಂದ್ಕೊಂಡಿದೀರ ನೀವು?"

ದಿನಕ್ಕೆ ಹತ್ತು ಸಲ. ನಾನು ಹೆಮ್ಮೆಯಿಂದ ಎಣಿಸುತ್ತಿದ್ದ ಒಂಬತ್ತು ಲಕ್ಷದಲ್ಲಿ ಎಪ್ಪತ್ತು ಈ ಮುದುಕರದು. ಪುಸ್ತಕದಲ್ಲಿ ಅವರ ಹೆಸರು ಬರೆಯುವಾಗ ನನಗೆ ಅಳು ಬಂತು, ಅಕ್ಷರ ಸೊಟ್ಟಗಾಯಿತು. ಮುದುಕರು ಮಾತ್ರ, "ಪರವಾಗಿಲ್ಲ ಬಿಡಮ್ಮ, ಮುಂದಿನ ಭಾನುವಾರ ಬರ್ತೀವಿ," ಎಂದರು. ಅವರಿಗೆ ವಿಷಯ ಪೂರ್ತಿ ಕೇಳಿಸಿರಲಿಲ್ಲ.

ಅವರು ಬಸ್ಸಿಗೆ ಹೋದ ಮೇಲೆ ಅದೇ ಮೆಟ್ಟಿಲ ಮೇಲೆ ಕೂತು ವಿಡಿಯೋ ತೆಗೆದುಹಾಕಿದೆ. ನಿಜವಾಗಿಯೂ ತೆಗೆಯಬೇಕೇ ಎಂದು ಫೋನು ಎರಡು ಸಲ ಕೇಳಿತು. ಎರಡನೇ ಸಲ ಹೌದು ಎನ್ನುವಾಗ ಹಲ್ಲು ಕಚ್ಚಿಕೊಂಡಿದ್ದೆ.

ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ನಾನು ಆವತ್ತೇ ಹೇಳಿದ್ದೆನಲ್ಲ ಎನ್ನುತ್ತಾಳೆ, ಆಗ ಚೆನ್ನಾಗಿ ಜಗಳವಾಡಬಹುದು ಎಂದು ಸಿದ್ಧಳಾಗಿದ್ದೆ. ಅವಳು ಅದನ್ನೂ ಹೇಳಲಿಲ್ಲ. ಪುಸ್ತಕ ತೆಗೆದು ಹೆಸರುಗಳನ್ನು ಎಣಿಸಿದಳು. ಎಲ್ಲ ಸೇರಿ ಐವತ್ತೆಂಟು. ಲ್ಯಾಬಿನ ಎರಡನೇ ಮಹಡಿಯಲ್ಲಿ ಹೊಸಬರಿಗೆ ಪಾಠ ಮಾಡುವ ಒಂದು ಹಾಲ್ ಇದೆ, ನಲವತ್ತು ಕುರ್ಚಿ, ಒಂದು ಬಿಳೀ ಪರದೆ. ಡಾಕ್ಟರನ್ನು ಕೇಳಿ ಒಂದು ಶನಿವಾರಕ್ಕೆ ಅದನ್ನು ಗೊತ್ತುಮಾಡಿಕೊಂಡಳು. ಆಮೇಲೆ ಐವತ್ತೆಂಟು ಜನಕ್ಕೂ ತಾನೇ ಫೋನ್ ಮಾಡಿದಳು, ಉಪವಾಸ ಬನ್ನಿ ಎಂದು ರೋಗಿಗಳಿಗೆ ಹೇಳುವ ಅದೇ ದನಿಯಲ್ಲಿ. "ಹದಿನೇಳನೇ ತಾರೀಖು, ಶನಿವಾರ, ಸಂಜೆ ನಾಲ್ಕು ಗಂಟೆ. ಬರ್ಕೊಳಿ. ಬರ್ಕೊಂಡ್ರಾ? ಏನು ಬರ್ಕೊಂಡ್ರಿ, ಹೇಳಿ ನೋಡೋಣ."

ನಾನೂ ಹೊಸ ವಿಡಿಯೋ ಮಾಡಿ ಹಾಕಿದೆ. ಮಾವನ ಎದೆಯ ಮೇಲೆ ತಾರೀಖಿನ ಚೀಟಿಯನ್ನು ಅಕ್ಕ ತನ್ನ ಕೈಯಾರೆ ಅಂಟಿಸಿದಳು. ಹದಿನೇಳನೇ ತಾರೀಖಿನವರೆಗೆ ಅದನ್ನು ನೋಡಿದವರು ಇನ್ನೂರ ಹನ್ನೆರಡು.

ಆ ಶನಿವಾರವೂ ಏನೂ ನೆಟ್ಟಗಿರಲಿಲ್ಲ. ಪ್ರೊಜೆಕ್ಟರಿನ ವೈರು ಸಡಿಲವಾಗಿ ಮೊದಲ ಐದು ನಿಮಿಷ ಮಾವ ನೀಲಿಯಾಗಿದ್ದರು. ಕಿಟಕಿಯ ಪರದೆ ಪೂರ್ತಿ ಮುಚ್ಚದೆ ಒಂದು ಬಿಸಿಲಿನ ಪಟ್ಟಿ ಸಿನಿಮಾದ ಏಳನೇ ಮಹಡಿಯ ಮೇಲೇ ಬೀಳುತ್ತಿತ್ತು, ನಾನು ನನ್ನ ಶಾಲು ಹಿಡಿದು ಕಿಟಕಿಗೆ ಅಂಟಿಕೊಂಡು ನಿಂತೆ. ಐವತ್ತೆಂಟರಲ್ಲಿ ಬಂದವರು ಇಪ್ಪತ್ತಾರು. ಮುದುಕರೂ ಮಗಳೂ ಮೊದಲ ಸಾಲಿನಲ್ಲಿದ್ದರು, ಮಗಳು ನನ್ನ ಕಡೆ ನೋಡಲಿಲ್ಲ. ಮಾವ ಒಳಗೆ ಬಂದು ಕೂರಲಿಲ್ಲ, ಬಾಗಿಲಲ್ಲೇ ನಿಂತಿದ್ದರು.

ಸಿನಿಮಾದ ಕೊನೆಯಲ್ಲಿ ಮಾವ ಕಡೆಯ ಸಲ ಜಾಲರಿ ಎಳೆದು ಖಾಲಿ ಲಿಫ್ಟನ್ನು ಕೆಳಗಿಳಿಸುತ್ತಾರೆ. ನಾಲ್ಕು ನಿಮಿಷ ಅದೊಂದೇ ದೃಶ್ಯ. ಅದನ್ನು ಒಂದು ನಿಮಿಷಕ್ಕೆ ಇಳಿಸು ಎಂದು ನಾನು ಅಕ್ಕನ ಹತ್ತಿರ ಗಂಟಲು ಹರಿದುಕೊಂಡಿದ್ದೆ. ಪರದೆಯ ಮೇಲೆ ಮಾವ ಜಾಲರಿಗೆ ಕೈ ಹಾಕಿದಾಗ, ಮೊದಲ ಸಾಲಿನಲ್ಲಿ ಮುದುಕರ ಎಡಗೈ ಮೇಲೆದ್ದಿತು. ಮಾವನ ಜೊತೆಗೇ ಅದು ಬಲಕ್ಕೆ ಸರಿಯಿತು, ಪೂರ್ತಿ ಮುಚ್ಚುವವರೆಗೆ. ಮುಚ್ಚಿದ ಮೇಲೂ ಲಿಫ್ಟು ಕೆಳಗೆ ಮುಟ್ಟುವವರೆಗೆ ಆ ಕೈ ಗಾಳಿಯಲ್ಲಿ ಹಿಡಿಕೆ ಹಿಡಿದುಕೊಂಡೇ ಇತ್ತು. ಮಗಳು ಅದನ್ನು ನೋಡಿದಳು, ಇಳಿಸಲು ಹೋಗಲಿಲ್ಲ. ನಾನು ಶಾಲು ಬಿಟ್ಟು ಫೋನಿಗೆ ಕೈ ಹಾಕಿದೆ, ಹಾಕಿದ್ದು ನಿಜ. ಜಾಗ ಇಲ್ಲ ಎಂದಿತು ಫೋನು, ಹೊಟ್ಟೆ ತುಂಬ ವಿಡಿಯೋ.

ಎಲ್ಲರೂ ಹೋದ ಮೇಲೆ ನಾವು ಕುರ್ಚಿ ಜೋಡಿಸಿದೆವು. ಮಾವ ಮುದುಕರನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದರು. ಯಾವ ಥಿಯೇಟರೂ ಸಿಕ್ಕಿರಲಿಲ್ಲ, ಸಿಗುವ ಲಕ್ಷಣವೂ ಇರಲಿಲ್ಲ. ತೊಂಬತ್ತು ಜನ ಆಗಿರಲಿಲ್ಲ. ನಾನು ಅದನ್ನೇ ಗೊಣಗುತ್ತಿದ್ದೆ. ಅಕ್ಕ ಮೇಜಿನ ಮೇಲೆ ರಟ್ಟಿನ ಪುಸ್ತಕ ತೆರೆದು, ಲ್ಯಾಬಿನ ರಿಜಿಸ್ಟರಿನಲ್ಲಿ ಬರೆಯುವ ಹಾಗೆ ಸಾಲಾಗಿ ಬರೆದಳು. ತಾರೀಖು ಹದಿನೇಳು. ಸಮಯ ನಾಲ್ಕು ಗಂಟೆ. ಬಂದವರು ಇಪ್ಪತ್ತಾರು. ಆಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಎದ್ದು ಹೋದವರು ಯಾರೂ ಇಲ್ಲ, ಎಂದು ಬರೆದಳು.